ಅರ್ಧ ಮಿಲಿಮೀಟರಿನ ಮಾತು

ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಕಲಿಸುವ ಹೆಂಗಸು ಕೋವಿಯ ನಳಿಗೆಯ ವಿಚಾರ ಬರೆಯಲು ಕೂತರೆ ಓದುವವರು ಹುಬ್ಬೇರಿಸುವುದು ಸಹಜ. ಆದರೆ ಕೊಡಗಿನಲ್ಲಿ ಸಂಸಾರ ಮಾಡಿದವರಿಗೆ ಕೋವಿ ಎಂದರೆ ಸಿನಿಮಾದ ಡಕಾಯಿತರ ಸಾಮಾನಲ್ಲ. ನೇಗಿಲು, ಕತ್ತಿ, ಒನಕೆಗಳ ಹಾಗೆ ಅದೂ ಮನೆಯ ಒಂದು ಪದಾರ್ಥ. ಕೈಲ್ ಮುಹೂರ್ತದ ದಿನ ಅದಕ್ಕೂ ಹೂವಿಟ್ಟು ಪೂಜೆಯಾಗುತ್ತದೆ. ಹುತ್ತರಿಯಲ್ಲಿ ಕದಿರು ತೆಗೆಯುವಾಗ ಗದ್ದೆಯಲ್ಲಿ ಅದರ ಸದ್ದು ಕೇಳಬೇಕು. ಸಾವಾದ ಮನೆಯಿಂದ ಎರಡು ಗುಂಡಿನ ಶಬ್ದ ಕೇಳಿದರೆ ಊರಿಗೆ ಸುದ್ದಿ ಮುಟ್ಟಿತೆಂದು ಅರ್ಥ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲೇ ವಿನಾಯಿತಿ ಸಿಕ್ಕಿತ್ತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು.

ನಮ್ಮ ಯಜಮಾನರದು ಜಮ್ಮಾ ಹಿಡುವಳಿಯ ಮನೆ. ನಾನು ಹಾಸನದ ಕಡೆಯ ಬಯಲುಸೀಮೆಯಿಂದ ಈ ಮನೆಗೆ ಸೊಸೆಯಾಗಿ ಬಂದವಳು. ಇಲ್ಲಿಗೆ ಬಂದ ಹೊಸದರಲ್ಲಿ ನಡುಮನೆಯ ಗೋಡೆಯ ಮೇಲಿದ್ದ ಜೋಡಿ ನಳಿಗೆಯ ಕೋವಿಯನ್ನು ಕಂಡು ಕಸ ಗುಡಿಸುವಾಗಲೂ ಎರಡು ಮಾರು ದೂರ ನಿಲ್ಲುತ್ತಿದ್ದೆ. ಅದು ನಮ್ಮ ಮಾವನವರು ಕೊಂಡದ್ದು. ಅವರಿಂದ ನಮ್ಮ ಯಜಮಾನರಿಗೆ ಬಂತು. ಕಾಗದಪತ್ರಗಳಲ್ಲಿ ಅದರ ಹೆಸರು ಡಿ.ಬಿ.ಬಿ.ಎಲ್.; ಹಿಂದಿನಿಂದ ತೋಟಾ ತುಂಬುವ, ಎರಡು ನಳಿಗೆಗಳು ಅಕ್ಕಪಕ್ಕ ಕೂತಿರುವ ಹನ್ನೆರಡು ಬೋರಿನ ಕೋವಿ. 2021ರಲ್ಲಿ ಯಜಮಾನರು ತೀರಿಕೊಂಡಾಗ ಅಂಗಳದಲ್ಲಿ ಹಾರಿದ ಎರಡು ಗುಂಡುಗಳೇ ಅದರ ಕೊನೆಯ ಸದ್ದು. ಆಮೇಲೆ ಅದು ಮಗನ ಹೆಸರಿಗೆ ಬಂತು. ಮಗನಿಗೆ ಕಾಫಿ ಗಿಡದ ಮೇಲೆ ಇರುವ ಪ್ರೀತಿ ಕೋವಿಯ ಮೇಲಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಸವರಿ, ಹೂವಿಟ್ಟು, ಮತ್ತೆ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದ.

ಆ ಬೀಗ ತೆಗೆಸಿದವಳು ನನ್ನ ಸೊಸೆ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆಯುವಾಗ ಶ್ರೇಯಸಿ ಸಿಂಗ್ ಮತ್ತು ರಾಜೇಶ್ವರಿ ಕುಮಾರಿ ಟ್ರ್ಯಾಪ್ ಸ್ಪರ್ಧೆಯಲ್ಲಿ ಭಾರತದ ಪರ ನಿಂತದ್ದನ್ನು ಅವಳು ನೋಡಿದಳು. ಪದಕವೇನೂ ಬರಲಿಲ್ಲ. ಆದರೂ ರಾತ್ರಿ ಊಟಕ್ಕೆ ಕೂತಾಗ, "ಅತ್ತೆ, ನಮ್ಮ ಮನೆಯಲ್ಲೂ ಅಂಥದೇ ಹನ್ನೆರಡು ಬೋರಿನ ಕೋವಿ ಇದೆಯಲ್ಲ, ನಾನೂ ಕಲಿಯಲೇ?" ಎಂದಳು. ಮಗ ನನ್ನ ಮುಖ ನೋಡಿದ. ನಾನು ಸಾರಿನ ಪಾತ್ರೆ ನೋಡಿದೆ. ಯಜಮಾನರ ಸಾವಿಗೆ ಗುಂಡು ಹಾರಿಸಿದ ಕೋವಿಯಿಂದ ಆಟವಾಡುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಅಲ್ಲಿದ್ದ ಮೂವರಿಗೂ ಬಂದಿರಬೇಕು. ಯಾರೂ ಬಾಯಿಬಿಟ್ಟು ಕೇಳಲಿಲ್ಲ. "ಸುಬೇದಾರರನ್ನು ಕೇಳು" ಎಂದಷ್ಟೇ ಹೇಳಿದೆ.

ಸುಬೇದಾರರು ನಮ್ಮ ಪಕ್ಕದ ತೋಟದವರು, ಸೈನ್ಯದಿಂದ ನಿವೃತ್ತರಾದವರು. ಅನುಮತಿ ಪಡೆದು ಒಂದು ಹಳೆಯ ಕಲ್ಲುಕೋರೆಯಲ್ಲಿ ಟ್ರ್ಯಾಪ್ ಯಂತ್ರವೊಂದನ್ನು ಹೂಡಿ, ಆಸಕ್ತಿ ಇದ್ದ ನಾಲ್ಕಾರು ಜನಕ್ಕೆ ಭಾನುವಾರಗಳಲ್ಲಿ ಕಲಿಸುತ್ತಾರೆ. ಗದ್ದೆಯ ಬಯಲು ಹತ್ತಿರವೇ ಇದ್ದರೂ ಅಲ್ಲಿ ಬೇಡವೆಂದವರು ಅವರೇ. ಅನ್ನ ಬೆಳೆಯುವ ಮಣ್ಣಿಗೆ ಸೀಸ ಬೀಳಬಾರದು ಎನ್ನುವುದು ಒಂದು ಕಾರಣ. ಸಣ್ಣ ಚರೆ ಕೂಡ ಇನ್ನೂರು ಮೀಟರು ದೂರ ಹೋಗಿ ಬೀಳುವುದರಿಂದ ಎದುರಿಗೆ ಮುನ್ನೂರು ಮೀಟರಾದರೂ ಜನ, ದನ ಸುಳಿಯದ ಜಾಗ ಬೇಕು ಎನ್ನುವುದು ಇನ್ನೊಂದು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳಬೇಕು. ನೆಲಮಟ್ಟದಲ್ಲಿ ಇಟ್ಟ ಯಂತ್ರವೊಂದು ತಟ್ಟೆಯಂಥ ಬಿಲ್ಲೆಯನ್ನು ನಮ್ಮಿಂದ ದೂರಕ್ಕೆ ಎಸೆಯುತ್ತದೆ. ಅದು ಹಾರುತ್ತಿರುವಾಗಲೇ ಒಡೆಯಬೇಕು. ಅದಕ್ಕೆ 'ಮಣ್ಣಿನ ಹಕ್ಕಿ' ಎನ್ನುತ್ತಾರೆ. ಹೆಸರಿಗೆ ಮಣ್ಣು, ನಿಜಕ್ಕೆ ಸುಣ್ಣಕಲ್ಲಿನ ಪುಡಿ ಮತ್ತು ಡಾಂಬರಿನಂಥ ಅಂಟು ಸೇರಿಸಿ ಅಚ್ಚು ಹೊಯ್ದದ್ದು. ಅಡ್ಡಳತೆ 11 ಸೆಂಟಿಮೀಟರು, ತೂಕ ಸುಮಾರು 105 ಗ್ರಾಮು. ಒಂದು ಕಾಲದಲ್ಲಿ ಜೀವಂತ ಪಾರಿವಾಳಗಳನ್ನೇ ಪೆಟ್ಟಿಗೆಯಿಂದ ಹಾರಿಬಿಟ್ಟು ಹೊಡೆಯುತ್ತಿದ್ದರು. 1900ರ ಪ್ಯಾರಿಸ್ ಕ್ರೀಡಾಕೂಟದಲ್ಲಿಯೂ ಅದು ನಡೆಯಿತು. ಅಮೆರಿಕದ ಸಿನ್ಸಿನಾಟಿಯ ಜಾರ್ಜ್ ಲಿಗೋಸ್ಕಿ ಎಂಬವರು 1880ರಲ್ಲಿ ಈ ಬಿಲ್ಲೆಗೆ ಹಕ್ಕುಪತ್ರ ಪಡೆದರು. ಪಾರಿವಾಳಗಳ ಲೋಕದಲ್ಲಿ ಅವರಿಗೊಂದು ಗುಡಿ ಇರಬೇಕಿತ್ತು.

ಕೈಲ್ ಮುಹೂರ್ತದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ನಮ್ಮ ಮನೆಯ ಗಂಡಸರು ಹೆಸರು ಮಾಡಿದವರು. ಆದರೆ ತೆಂಗಿನಕಾಯಿ ಕಟ್ಟಿದಲ್ಲೇ ಇರುತ್ತದೆ. ಈ ಬಿಲ್ಲೆ ಗಂಟೆಗೆ ಅರವತ್ತೈದು ಎಪ್ಪತ್ತು ಕಿಲೋಮೀಟರು ವೇಗದಲ್ಲಿ ಹೊರಟು, ಎಡಕ್ಕೋ ಬಲಕ್ಕೋ ನೇರಕ್ಕೋ ಎಂದು ಹೇಳದೆ ಓಡುತ್ತದೆ. ಒಲಿಂಪಿಕ್ಸಿನಲ್ಲಂತೂ ಅದಕ್ಕಿಂತ ಬಹಳ ವೇಗ. ನಮ್ಮ ಕಲ್ಲುಕೋರೆಯ ಯಂತ್ರ ಅಂಥ ದೊಡ್ಡಸ್ತಿಕೆಯದಲ್ಲ.

ಮೊದಲ ಭಾನುವಾರ ಸೊಸೆ ಇಪ್ಪತ್ತೈದು ಬಿಲ್ಲೆಗೆ ಹೊಡೆದು ಎರಡನ್ನು ಒಡೆದಳು. ಸಂಜೆ ಮನೆಗೆ ಬಂದಾಗ ಭುಜ ನೇರಳೆ ಹಣ್ಣಿನ ಬಣ್ಣವಾಗಿತ್ತು. ಅದಕ್ಕೆ ಅರಿಸಿನ ಹಚ್ಚಿದರಾಯಿತು. ಅವಳ ಮುಖಕ್ಕೆ ಏನು ಹಚ್ಚುವುದು? ಅಲ್ಲಿ ನೆರೆದಿದ್ದ ಹುಡುಗರು ನಕ್ಕರಂತೆ. "ಗಾಳಿಯಲ್ಲಿ ಗುಂಡು ಎಂದರೆ ಇದೇ" ಎಂದನಂತೆ ಒಬ್ಬ. ಎರಡನೆಯ ಭಾನುವಾರ ಮೂರು ಒಡೆದವು. ಮೂರನೆಯ ಭಾನುವಾರ ಅವಳು ಬೆಳಿಗ್ಗೆಯೇ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಲು ಕೂತಳು. ಭಾನುವಾರ ಬೆಳಿಗ್ಗೆ ಯಾರೂ ಕೇಳದೆ ಉಪ್ಪಿನಕಾಯಿ ಹಾಕಲು ಕೂತವಳ ಮನಸ್ಸು ಎಲ್ಲಿದೆ ಎಂದು ತಿಳಿಯಲು ಬಿ.ಎಡ್. ಬೇಕಿಲ್ಲ.

ಕುಣಿಯಲಾರದವಳು ನೆಲ ಡೊಂಕು ಎಂದಳು ಎನ್ನುವ ಗಾದೆಯೊಂದಿದೆ. ಅವಳು ಹಾಗೆ ಹೇಳಲಿಲ್ಲ. ಹೇಳಿದವನು ನನ್ನ ಮೈದುನ. "ಎಡ ನಳಿಗೆಯಲ್ಲಿ ಹೊಡೆ ಎಂದು ನಾನೇ ಹೇಳಿಕೊಟ್ಟೆ. ಅದು ಫುಲ್ ಚೋಕು. ಅಣ್ಣ ಯಾವಾಗಲೂ ಅದರಲ್ಲೇ ಹೊಡೆಯುತ್ತಿದ್ದ. ಹೆಂಗಸರ ಕೈಗೆ ಅದು ಬಗ್ಗುವುದಿಲ್ಲ. ಪೇಟೆಯ ಕೋವಿ ರಿಪೇರಿಯವನ ಹತ್ತಿರ ಕೊಟ್ಟು ಬಾಯಿ ಕೊರೆಸಿ ಅಗಲ ಮಾಡಿಸೋಣ" ಎಂದ. ರಿಪೇರಿಯವನನ್ನು ವಿಚಾರಿಸಿದರೆ ಅವನಿಗೂ ಉತ್ಸಾಹ. ಎರಡೂ ನಳಿಗೆಯ ಬಾಯನ್ನು ಪೂರಾ ಬಿಡಿಸಿಬಿಡುತ್ತೇನೆ, ಹೊಸಬರಿಗೆ ಬಾಯಿ ಅಗಲವಾದಷ್ಟೂ ಒಳ್ಳೆಯದು ಎಂದನಂತೆ. ಇನ್ನೊಬ್ಬ ಮಹಾನುಭಾವ, ತುದಿಯಿಂದ ಮೂರು ಇಂಚು ಗರಗಸದಲ್ಲಿ ಕತ್ತರಿಸಿದರೆ ಖರ್ಚೇ ಇಲ್ಲವಲ್ಲ ಎಂದ. ಅವನಿಗೆ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ನಳಿಗೆ ಮೋಟು ಮಾಡುವುದಕ್ಕೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ನಿಷೇಧವಿದೆ. ಖರ್ಚಿಲ್ಲದೆ ಜೈಲು ಸೇರುವ ದಾರಿ ಅದು.

ನನಗೆ ತಡೆದದ್ದು ಕಾನೂನಿಗಿಂತ ಹೆಚ್ಚಾಗಿ ಒಂದು ಸಾದಾ ವಿಚಾರ. ಕೊರೆದ ಉಕ್ಕು ಮತ್ತೆ ಬರುವುದಿಲ್ಲ. ಮಾವನವರ ಕಾಲದಿಂದ ಹಾಗೇ ಬಂದ ನಳಿಗೆಯನ್ನು, ಎರಡು ಭಾನುವಾರ ಗುರಿ ತಪ್ಪಿತು ಎಂಬ ಕಾರಣಕ್ಕೆ, ಏನು ಎತ್ತ ಎಂದು ಅಳೆಯದೆ ಕೊರೆಸುವುದೇ? ಮೂವತ್ತು ವರ್ಷ ಉತ್ತರ ಪತ್ರಿಕೆ ತಿದ್ದಿದವಳು ನಾನು. ಹುಡುಗ ಫೇಲಾದರೆ ಮೊದಲು ಪತ್ರಿಕೆ ಬಿಚ್ಚಿ ನೋಡಬೇಕು, ಆಮೇಲೆ ಮಾತು. "ಮೊದಲು ಈ ಚೋಕು ಎಂದರೆ ಏನು, ನಮ್ಮ ಕೋವಿಗೆ ಎಷ್ಟಿದೆ ಎಂದು ನೋಡೋಣ. ಆಮೇಲೆ ಕೊರೆಸುವ ಮಾತು" ಎಂದೆ. ಸೊಸೆ ಮಾವಿನಕಾಯಿ ಹೆಚ್ಚುವುದನ್ನು ನಿಲ್ಲಿಸಿ ತಲೆಯೆತ್ತಿದಳು.

ಸುಬೇದಾರರು ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಾ ವಿವರಿಸಿದರು. ಹನ್ನೆರಡು ಬೋರಿನ ನಳಿಗೆಯ ಒಳಗಿನ ಅಡ್ಡಳತೆ ಸುಮಾರು ಹದಿನೆಂಟೂವರೆ ಮಿಲಿಮೀಟರು. ತುದಿಯ ಕೆಲವು ಸೆಂಟಿಮೀಟರುಗಳಲ್ಲಿ ಮಾತ್ರ ಅದನ್ನು ಸ್ವಲ್ಪ ಬಿಗಿ ಮಾಡಿರುತ್ತಾರೆ. ಆ ಬಿಗಿತವೇ ಚೋಕು. ತೋಟಾದಿಂದ ಹೊರಟ ಚರೆಗಳು ಆ ಇಕ್ಕಟ್ಟಿನಲ್ಲಿ ಹಾದುಹೋಗುವಾಗ ಒಂದಕ್ಕೊಂದು ಒತ್ತಿಕೊಂಡು, ಹೊರಗೆ ಬಂದ ಮೇಲೆ ನಿಧಾನವಾಗಿ ಹರಡುತ್ತವೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಪೇಪ್ ಎಂಬ ಕೋವಿ ತಯಾರಕ 1866ರಲ್ಲೇ ಇದಕ್ಕೆ ಹಕ್ಕುಪತ್ರ ಪಡೆದಿದ್ದ. ಬಿಗಿತವೇ ಇಲ್ಲದಿದ್ದರೆ ಸಿಲಿಂಡರ್. ಕಾಲು ಮಿಲಿಮೀಟರು ಬಿಗಿಯಾದರೆ ಇಂಪ್ರೂವ್ಡ್ ಸಿಲಿಂಡರ್. ಅರ್ಧ ಮಿಲಿಮೀಟರಾದರೆ ಮಾಡಿಫೈಡ್. ಇಂಗ್ಲೆಂಡಿನವರು ಅದನ್ನು ಹಾಫ್ ಎನ್ನುತ್ತಾರೆ. ಒಂದು ಮಿಲಿಮೀಟರಿನ ಆಸುಪಾಸಾದರೆ ಫುಲ್. ಇಷ್ಟೆಲ್ಲ ಜಗಳ, ಜಂಬ, ಅಭಿಪ್ರಾಯಗಳು ನಡೆಯುವುದು ಒಂದು ಮಿಲಿಮೀಟರಿನೊಳಗೆ!

"ಹಾಗಾದರೆ ಹೊಸಬರಿಗೆ ಪೂರಾ ಅಗಲವಾದದ್ದೇ ಒಳ್ಳೆಯದಲ್ಲವೇ ಸುಬೇದಾರರೇ? ಚರೆ ಹೆಚ್ಚು ಹರಡಿದರೆ ಎಲ್ಲಾದರೂ ತಗುಲುತ್ತದಲ್ಲ" ಎಂದು ನಾನು ಕೇಳಿದೆ.

"ಟೀಚರಮ್ಮ, ಹೊಳೆಯಲ್ಲಿ ಬೀಸುಬಲೆ ಹಾಕುವುದನ್ನು ನೋಡಿದ್ದೀರಿ. ಅದೇ ನೂಲಿನಲ್ಲಿ ಬಲೆಯನ್ನು ಅಗಲ ಮಾಡಿದರೆ ಏನಾಗುತ್ತದೆ?"

"ಕಣ್ಣು ದೊಡ್ಡದಾಗುತ್ತದೆ."

"ಮೀನು ನುಸುಳುತ್ತದೆ. ಇದೂ ಅಷ್ಟೇ."

ತೋಟಾದಲ್ಲಿ ಚರೆಗಳ ಸಂಖ್ಯೆ ಹೆಚ್ಚುವುದಿಲ್ಲ. ಟ್ರ್ಯಾಪಿಗೆ ಬಳಸುವ ಏಳೂವರೆ ನಂಬರಿನ ಚರೆ 24 ಗ್ರಾಮಿಗೆ ಸರಿಸುಮಾರು 300 ಬರುತ್ತದೆ. ಹಂದಿಗೆಂದು ಊರಲ್ಲಿ ಇಟ್ಟುಕೊಂಡಿರುವ ದಪ್ಪ ಚರೆಯ ತೋಟಾ ಈ ಆಟಕ್ಕೆ ಬೇಡ. ಮುನ್ನೂರನ್ನು ಚಾಪೆಯಷ್ಟಗಲಕ್ಕೆ ಚೆಲ್ಲಿದರೆ ನಡುವೆ ಬರಿ ಜಾಗಗಳು ಉಳಿಯುತ್ತವೆ. ಹಾಗೆಂದು ಎಲ್ಲವನ್ನೂ ಒಂದು ಮುಷ್ಟಿಯಲ್ಲಿ ಬಿಗಿದರೆ, ಗುರಿ ಒಂದು ಗೇಣು ಆಚೀಚೆಯಾದರೂ ಒಂದೂ ತಗುಲುವುದಿಲ್ಲ. ಒಲಿಂಪಿಕ್ಸಿನವರು ಫುಲ್ ಚೋಕು, ಅದಕ್ಕೆ ಹತ್ತಿರದ ಚೋಕು ಇಟ್ಟುಕೊಳ್ಳುವುದು ನಿಜ. ಅವರ ಹಕ್ಕಿ ಬಹಳ ಬೇಗ ದೂರ ಹೋಗುತ್ತದೆ. ಅವರ ಕೈ ಹಾಗೆ ಪಳಗಿದೆ. ಅವರು ಹಾಕಿದ್ದನ್ನು ಕಲಿಯುವವಳಿಗೆ ಹಾಕುವುದು, ಅ ಆ ಬರೆಯುವ ಮಗುವಿನ ಕೈಗೆ ಹಳಗನ್ನಡ ಕಾವ್ಯ ಕೊಟ್ಟಂತೆ.

ಮರುದಿನ ನಾನು ಶಾಲೆಯ ಪ್ರಯೋಗಾಲಯದಿಂದ ವರ್ನಿಯರ್ ಕ್ಯಾಲಿಪರ್ ಕೇಳಿ ತಂದೆ. ವಿಜ್ಞಾನದ ಮೇಷ್ಟ್ರು, "ಏನು ಮೇಡಂ, ಚಿನ್ನದ ಬಳೆ ಅಳೆಯುವುದಕ್ಕಾ?" ಎಂದು ಕೇಳಿದರು. ಕೋವಿಯ ಬಾಯಿ ಎಂದಾಗ ಅವರು ಮತ್ತೆ ಪ್ರಶ್ನೆ ಕೇಳಲಿಲ್ಲ. ಮಗ ನಳಿಗೆ ಬಾಗಿಸಿ ತೆರೆದು, ಒಳಗೆ ಏನೂ ಇಲ್ಲವೆಂದು ನನಗೂ ಸೊಸೆಗೂ ತೋರಿಸಿ, ಕೋವಿಯನ್ನು ಮೇಜಿನ ಮೇಲಿಟ್ಟ. ಬಲ ನಳಿಗೆಯ ಬಾಯಿ 18.0 ಮಿಲಿಮೀಟರು ಬಂತು. ಎಡ ನಳಿಗೆಯದು 17.5. ಬಲದ್ದು ಮಾಡಿಫೈಡ್, ಎಡದ್ದು ಫುಲ್ ಇರಬಹುದು ಎಂದಾಯಿತು. ಜೋಡಿ ನಳಿಗೆಯ ಕೋವಿಗಳಲ್ಲಿ ಸಾಮಾನ್ಯವಾಗಿ ಹೀಗೆಯೇ ಇರುತ್ತದಂತೆ. ಮುಂದಿನ ಟ್ರಿಗರಿಗೆ ಬಲ ನಳಿಗೆ, ಅದು ಸ್ವಲ್ಪ ಸಡಿಲು. ಹಿಂದಿನದಕ್ಕೆ ಎಡ, ಅದು ಬಿಗಿ. ಹಕ್ಕಿ ಮೊದಲ ಹೊಡೆತಕ್ಕೆ ಹತ್ತಿರವಿರುತ್ತದೆ, ಎರಡನೆಯದಕ್ಕೆ ದೂರ ಹೋಗಿರುತ್ತದೆ ಎಂಬ ಲೆಕ್ಕ.

ಆದರೆ ಸುಬೇದಾರರು ಈ ಅಳತೆಯನ್ನು ಪೂರ್ತಿ ಒಪ್ಪಲಿಲ್ಲ. ನಳಿಗೆಯ ಒಳಗಿನ ಅಳತೆ ಎಲ್ಲ ಕೋವಿಯಲ್ಲೂ ಒಂದೇ ಇರುವುದಿಲ್ಲವಾದ್ದರಿಂದ ಬಾಯನ್ನು ಮಾತ್ರ ಅಳೆದರೆ ಅರ್ಧ ಸತ್ಯ. ತೋಟಾ ಬದಲಾದರೂ ಹರಡುವ ರೀತಿ ಬದಲಾಗುತ್ತದೆ. "ಕಬ್ಬಿಣ ಹೇಳುವುದಕ್ಕಿಂತ ಕಾಗದ ಹೇಳುವುದು ಖಚಿತ, ಟೀಚರಮ್ಮ" ಎಂದರು. ಜೊತೆಗೆ ಕೋವಿಯ ಯೋಗಕ್ಷೇಮವನ್ನೂ ನೋಡಿದರು. ತೋಟಾ ಕೂರುವ ಗೂಡಿನ ಉದ್ದ 70 ಮಿಲಿಮೀಟರು ಇದೆಯೇ ಎಂದು ಪರೀಕ್ಷಿಸಿದರು, ಏಕೆಂದರೆ ಕೆಲವು ಹಳೆಯ ವಿಲಾಯಿತಿ ಕೋವಿಗಳದು 65 ಮಾತ್ರ. ಅದರಲ್ಲಿ ಈಗಿನ ಉದ್ದದ ತೋಟಾ ಹಾಕಿದರೆ ಅಪಾಯ. ನಳಿಗೆಯಲ್ಲಿ ಉಬ್ಬು, ಬಿರುಕು ಇದೆಯೇ ಎಂದು ಬೆರಳಾಡಿಸಿದರು. ಒಂಟಿ ಗುಂಡಿನ ತೋಟಾವನ್ನು ಬಿಗಿ ಚೋಕಿನ ನಳಿಗೆಗೆ ಹಾಕಿ ತುದಿ ಉಬ್ಬಿಸಿಕೊಂಡ ಕೋವಿಗಳನ್ನು ಅವರು ಕಂಡಿದ್ದರಂತೆ. ನಮ್ಮದು ಗಟ್ಟಿಯಾಗಿತ್ತು.

ಕಾಗದದ ಪರೀಕ್ಷೆಗೆ ನಾನೇ ಸಿದ್ಧತೆ ಮಾಡಿದೆ. ಬಿಳಿ ಡ್ರಾಯಿಂಗ್ ಹಾಳೆಗಳನ್ನು ಮೈದಾ ಅಂಟಿನಿಂದ ಜೋಡಿಸಿ ನಾಲ್ಕಡಿ ಉದ್ದ, ನಾಲ್ಕಡಿ ಅಗಲದ ಆರು ಹಾಳೆ ಮಾಡಿದೆವು. ಕಲ್ಲುಕೋರೆಯಲ್ಲಿ ಬಿದಿರಿನ ಚೌಕಟ್ಟಿಗೆ ಒಂದೊಂದೇ ಕಟ್ಟಿ, ಮೂವತ್ತಾರೂವರೆ ಮೀಟರು ದೂರದಿಂದ, ಅಂದರೆ ಹಳೆಯ ಲೆಕ್ಕದ ನಲವತ್ತು ಗಜದಿಂದ, ಬಲ ನಳಿಗೆಯಲ್ಲಿ ಮೂರು, ಎಡ ನಳಿಗೆಯಲ್ಲಿ ಮೂರು ಹೊಡೆತ. ಒಂದು ಹಾಳೆಗೆ ಒಂದೇ ತೋಟಾ. ಹೊಡೆದವಳು ಸೊಸೆಯೇ. ಆಮೇಲೆ ಪ್ರತಿ ಹಾಳೆಯಲ್ಲೂ ತೂತುಗಳು ದಟ್ಟವಾಗಿರುವ ಕಡೆ ನಡು ಹಿಡಿದು, 75 ಸೆಂಟಿಮೀಟರು ಅಡ್ಡಳತೆಯ ವೃತ್ತ ಎಳೆದು, ಒಳಗಿನ ತೂತುಗಳನ್ನು ಎಣಿಸಬೇಕು. ಮುನ್ನೂರಕ್ಕೆ ಎಷ್ಟು ಒಳಗೆ ಬಿದ್ದವು ಎನ್ನುವುದೇ ಚೋಕಿನ ನಿಜವಾದ ಅಂಕ. ಸಿಲಿಂಡರಿಗೆ ಶೇಕಡಾ 40, ಇಂಪ್ರೂವ್ಡ್ ಸಿಲಿಂಡರಿಗೆ 50, ಮಾಡಿಫೈಡಿಗೆ 60, ಫುಲ್ಲಿಗೆ 70 ಎಂದು ರೂಢಿಯ ಲೆಕ್ಕ.

ಆ ರಾತ್ರಿ ನಡುಮನೆಯಲ್ಲಿ ಹಾಳೆ ಹಾಸಿಕೊಂಡು ಅತ್ತೆ ಸೊಸೆ ಇಬ್ಬರೂ ಎಣಿಸಲು ಕೂತೆವು. ಎಣಿಸಿದ ತೂತಿಗೆ ಕೆಂಪು ಪೆನ್ಸಿಲಿನ ಸುತ್ತು. ವೃತ್ತವನ್ನು ನಾಲ್ಕು ಪಾಲು ಮಾಡಿ ತಲಾ ಎರಡು ಪಾಲು ಹಂಚಿಕೊಂಡೆವು. ಮೈದುನ ಬಾಗಿಲಲ್ಲಿ ನಿಂತು, "ಎಸ್.ಎಸ್.ಎಲ್.ಸಿ. ವ್ಯಾಲ್ಯುಯೇಷನ್ ಮನೆಗೇ ಬಂತಾ ಅತ್ತಿಗೆ?" ಎಂದು ನಕ್ಕ. ಬಲ ನಳಿಗೆಯ ಮೂರು ಹಾಳೆಯಲ್ಲಿ 176, 183, 169. ಸರಾಸರಿ 176, ಅಂದರೆ ನೂರಕ್ಕೆ ಐವತ್ತೊಂಬತ್ತು. ಎಡ ನಳಿಗೆಯಲ್ಲಿ 219, 208, 224. ಸರಾಸರಿ 217, ನೂರಕ್ಕೆ ಎಪ್ಪತ್ತೆರಡು. ವರ್ನಿಯರ್ ಹೇಳಿದ್ದನ್ನೇ ಕಾಗದವೂ ಹೇಳಿತು.

ಸೊಸೆ ಕಾಫಿ ಕ್ಯೂರಿಂಗ್ ಕಚೇರಿಯಲ್ಲಿ ಲೆಕ್ಕ ಬರೆಯುವವಳು. ಅಂಕಿ ಸಿಕ್ಕಿದರೆ ಅವಳನ್ನು ಹಿಡಿಯುವವರಿಲ್ಲ. ಹಾಳೆಯ ಮೂಲೆಯಲ್ಲಿ ಲೆಕ್ಕ ಹಾಕತೊಡಗಿದಳು. ವೃತ್ತದ ವಿಸ್ತೀರ್ಣ ಸುಮಾರು 4400 ಚದರ ಸೆಂಟಿಮೀಟರು. ನಮ್ಮಿಂದ ದೂರ ಓಡುವ ಬಿಲ್ಲೆ ತನ್ನ ಪೂರ್ತಿ ಮುಖ ತೋರಿಸುವುದಿಲ್ಲ. ಅಂಚು ಮಾತ್ರ ಕಾಣುವಾಗ ಅದು ಸುಮಾರು 25 ಚದರ ಸೆಂಟಿಮೀಟರು. ಬಾಯಿ ಪೂರಾ ಬಿಡಿಸಿ ಸಿಲಿಂಡರ್ ಮಾಡಿದರೆ ವೃತ್ತದೊಳಗೆ 120 ಚರೆ, ಒಂದೊಂದು ಚರೆಗೆ 37 ಚದರ ಸೆಂಟಿಮೀಟರು ಜಾಗ. ಅಂದರೆ ಬಿಲ್ಲೆ ಎರಡು ಚರೆಗಳ ನಡುವೆ ನುಸುಳಿಹೋಗುವಷ್ಟು ದೊಡ್ಡ ಕಿಂಡಿ. ನಮ್ಮ ಬಲ ನಳಿಗೆಯಲ್ಲಿ ಒಂದೊಂದು ಚರೆಗೆ 25. ಬಿಲ್ಲೆಗೆ ಸರಾಸರಿ ಒಂದಾದರೂ ಚರೆ, ವೃತ್ತದ ನಡುವಿನಲ್ಲಿ ಇನ್ನೂ ದಟ್ಟ. "ಅತ್ತೆ, ಬಾಯಿ ಕೊರೆಸಿದ್ದರೆ ನಾನು ಸರಿಯಾಗಿ ಹೊಡೆದರೂ ತಪ್ಪುತ್ತಿತ್ತು. ನಾನು ತಪ್ಪಿದೆನೋ ಕೋವಿ ತಪ್ಪಿತೋ ಎಂದು ಗೊತ್ತೇ ಆಗುತ್ತಿರಲಿಲ್ಲ" ಎಂದಳು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಕಲಿಯುವವರಿಗೆ ಯಾವ ಚೋಕು ಎಂಬ ಪ್ರಶ್ನೆಯ ತಿರುಳು ಅದರಲ್ಲಿದೆ. ಬಹಳ ಬಿಗಿಯಾದದ್ದು ಸಣ್ಣ ತಪ್ಪನ್ನೂ ಕ್ಷಮಿಸುವುದಿಲ್ಲ. ಹತ್ತಿರ ಹತ್ತಿರ ಬಂದವಳಿಗೂ ಸೊನ್ನೆ, ದಾರಿ ತಪ್ಪಿದವಳಿಗೂ ಸೊನ್ನೆ. ಬಹಳ ಸಡಿಲಾದದ್ದು ಸರಿಯಾದ ಉತ್ತರಕ್ಕೂ ಒಮ್ಮೊಮ್ಮೆ ಸೊನ್ನೆ ಕೊಟ್ಟು, ತಪ್ಪು ಉತ್ತರಕ್ಕೆ ಒಮ್ಮೊಮ್ಮೆ ಅಂಕ ಕೊಡುತ್ತದೆ. ಎರಡರಿಂದಲೂ ಕಲಿಯುವವಳಿಗೆ ತಾನು ಎಲ್ಲಿದ್ದೇನೆಂದು ತಿಳಿಯುವುದಿಲ್ಲ. ಮೊದಲನೆಯದು ಧೈರ್ಯ ಕೆಡಿಸುತ್ತದೆ, ಎರಡನೆಯದು ತಲೆ ಕೆಡಿಸುತ್ತದೆ. ಸರಿ ಮಾಡಿದಾಗ ಸರಿ ಎನ್ನಬೇಕು, ಚೂರು ತಪ್ಪಿದರೆ ಚೂರು ರಿಯಾಯಿತಿ ಇರಬೇಕು, ಬಹಳ ತಪ್ಪಿದರೆ ತಪ್ಪು ಎಂದೇ ಹೇಳಬೇಕು. ಹಾಗೆ ಹೇಳುವ ಅರ್ಧ ಮಿಲಿಮೀಟರು ನಮ್ಮ ಕೋವಿಯಲ್ಲೇ ಇತ್ತು, ಬಲಗಡೆಯಲ್ಲಿ. ಯಾರೂ ಅದರ ಟ್ರಿಗರ್ ಮುಟ್ಟಿರಲಿಲ್ಲ, ಅಷ್ಟೇ.

ಇನ್ನೊಂದು ವಿಷಯ ಉಳಿದಿತ್ತು. ಅವಳು ಬಿಲ್ಲೆಯನ್ನು ಎಷ್ಟು ದೂರದಲ್ಲಿ ಹೊಡೆಯುತ್ತಾಳೆ? ಚೋಕನ್ನು ಆರಿಸುವುದು ಆ ದೂರಕ್ಕೆ. ರೂಢಿಯ ಪ್ರಕಾರ ಯಂತ್ರದಿಂದ ಹದಿನಾರು ಗಜ, ಅಂದರೆ ಸುಮಾರು 15 ಮೀಟರು ಹಿಂದೆ ನಿಲ್ಲಬೇಕು. ಬಿಲ್ಲೆ ಮೊದಲ ಸೆಕೆಂಡಿನಲ್ಲಿ ಹದಿನೇಳು ಮೀಟರಿನಷ್ಟು ಹೋಗುತ್ತದೆ. ಪಳಗಿದವರು ಸೆಕೆಂಡಿನೊಳಗೇ ಹೊಡೆಯುವುದರಿಂದ ಅವರಿಗೆ ಅದು ಮೂವತ್ತು ಮೀಟರಿನ ಆಸುಪಾಸಿನಲ್ಲಿ ಸಿಗುತ್ತದೆ. ಹೊಸಬರು ನೋಡಿ, ನಂಬಿ, ಮತ್ತೊಮ್ಮೆ ನೋಡಿ ಹೊಡೆಯುವಷ್ಟರಲ್ಲಿ ಒಂದೂವರೆ ಸೆಕೆಂಡಾಗಿ ಬಿಲ್ಲೆ ಮೂವತ್ತೆಂಟೋ ನಲವತ್ತೋ ಮೀಟರು ದಾಟಿರುತ್ತದೆ. ಹೊಸಬರಿಗೆ ಅಗಲ ಬಾಯಿ ಸಾಕೆನ್ನುವವರು ಇದನ್ನು ಮರೆಯುತ್ತಾರೆ. ನಿಧಾನದ ಕೈಯವರಿಗೆ ಹಕ್ಕಿ ಹೆಚ್ಚು ದೂರದಲ್ಲಿರುತ್ತದೆ. ಆ ದೂರದಲ್ಲಿ ಸಿಲಿಂಡರಿನ ಬಲೆ ಪೂರಾ ಹರಿದ ಬಲೆ.

ಇದಕ್ಕೆ ಸುಬೇದಾರರು ಕಂಡುಕೊಂಡ ಉಪಾಯ ನನ್ನ ಮನಸ್ಸಿಗೆ ಬಹಳ ಹಿಡಿಸಿತು. "ಮುಂದೆ ಬಾ ಮಗಳೇ" ಎಂದು ಅವಳನ್ನು ಯಂತ್ರದ ಹಿಂದೆ ಐದೇ ಮೀಟರಿಗೆ ಕರೆದು ನಿಲ್ಲಿಸಿದರು. ಎಡ ಬಲ ಬೇಡ, ನೇರ ಹೋಗುವ ಬಿಲ್ಲೆ ಮಾತ್ರ. ಕಪ್ಪುಹಲಗೆ ಕಾಣದ ಮಗುವನ್ನು ನಾವು ಮುಂದಿನ ಬೆಂಚಿಗೆ ಕರೆದು ಕೂರಿಸುವುದಿಲ್ಲವೇ? ಹಲಗೆಯನ್ನು ಕೀಳಿಸುತ್ತೇವೆಯೇ? ಉಕ್ಕು ಕೊರೆಯುವುದಕ್ಕಿಂತ ಹತ್ತು ಹೆಜ್ಜೆ ಮುಂದೆ ಬರುವುದು ಸುಲಭ, ಮತ್ತೆ ಹಿಂದೆ ಹೋಗುವುದಕ್ಕೂ ಆಗುತ್ತದೆ.

ಆ ಭಾನುವಾರ ನಾನೂ ಹೋಗಿದ್ದೆ. ಕಿವಿಗೆ ಹತ್ತಿ ಸಾಲದೆಂದು ದೊಡ್ಡ ಕಿವಿಮುಚ್ಚುಗೆ ಹಾಕಿಸಿದರು, ಕಣ್ಣಿಗೆ ಕನ್ನಡಕ. ಅವಳ ಹಿಂದೆ ದೂರದಲ್ಲಿ ಕಲ್ಲಿನ ಮೇಲೆ ಕೂತೆ. ಮೊದಲ ನಾಲ್ಕು ಹೋದವು. ಐದನೆಯದು ಮೂರು ಹೋಳಾಗಿ ಬಿತ್ತು. ಅವಳು ತಿರುಗಿ ನನ್ನ ಕಡೆ ನೋಡಲು ಹೋದಳು, "ನಳಿಗೆ ಅಲ್ಲೇ ಇರಲಿ!" ಎಂದು ಸುಬೇದಾರರು ಗದರಿದರು. ಒಡೆದ ಚೂರುಗಳೂ ಮಾತಾಡುತ್ತವೆಂದು ಅವತ್ತು ತಿಳಿಯಿತು. ಫುಲ್ ಚೋಕಿನಲ್ಲಿ ತಗುಲಿದರೆ ಬಿಲ್ಲೆ ಹೊಗೆಯಾಗಿ ಹೋಗುತ್ತದೆ. ನೋಡಲು ಚೆಂದ, ಕಲಿಯಲು ಏನೂ ಇಲ್ಲ. ಮಾಡಿಫೈಡಿನಲ್ಲಿ ಹೋಳಾಗುತ್ತದೆ. ಎಡ ಅಂಚು ಹಾರಿತೋ ಬಲ ಅಂಚು ಹಾರಿತೋ ನೋಡಿ, "ಹಿಂದೆ ಬಿತ್ತು, ಇನ್ನೂ ಮುಂದೆ ಹೋಗು" ಎಂದು ಸುಬೇದಾರರು ಹೇಳುತ್ತಿದ್ದರು. ಟ್ರಿಗರ್ ಎಳೆಯುವಾಗ ಅವಳು ಕೋವಿಯ ಓಟವನ್ನು ನಿಲ್ಲಿಸುತ್ತಿದ್ದಳು, ಕೆನ್ನೆಯನ್ನು ಮೇಲೆತ್ತುತ್ತಿದ್ದಳು. ಆ ದೋಷಗಳಿಗೆ ಯಾವ ಚೋಕೂ ಮದ್ದಲ್ಲ. ಆದರೆ ದೋಷ ಕಣ್ಣಿಗೆ ಬಿತ್ತಲ್ಲ, ಅದೇ ಲಾಭ. ಅವತ್ತು ಇಪ್ಪತ್ತೈದಕ್ಕೆ ಒಂಬತ್ತು. ತಿಂಗಳ ಮೇಲೆ ಹದಿನೈದು ಮೀಟರಿನ ಗೆರೆಗೆ ಹಿಂದೆ ಹೋಗಿ ನಿಂತು ಹದಿಮೂರು.

ಹದಿಮೂರು ದೊಡ್ಡ ಅಂಕವಲ್ಲ. ನಕ್ಕ ಹುಡುಗರು ಇಪ್ಪತ್ತು ಒಡೆಯುತ್ತಾರೆ. 2004ರಲ್ಲಿ ಅಥೆನ್ಸಿನಲ್ಲಿ ರಾಜ್ಯವರ್ಧನ ಸಿಂಗ್ ರಾಥೋಡ್ ಡಬಲ್ ಟ್ರ್ಯಾಪಿನಲ್ಲಿ ಬೆಳ್ಳಿ ಗೆದ್ದರು. ಹೆಂಗಸರ ಟ್ರ್ಯಾಪ್ ಒಲಿಂಪಿಕ್ಸಿಗೆ ಬಂದದ್ದೇ 2000ದಲ್ಲಿ, ಸಿಡ್ನಿಯಲ್ಲಿ. ಭಾರತದಿಂದ ಅದಕ್ಕೆ ಅರ್ಹತೆ ಪಡೆದ ಮೊದಲ ಮಹಿಳೆ ಶಗುನ್ ಚೌಧರಿ, 2012ರಲ್ಲಿ. ಅವರೆಲ್ಲ ಬೇರೆ ಎತ್ತರದವರು. ನನ್ನ ಸೊಸೆಯ ಎತ್ತರ ಸದ್ಯ ಕಲ್ಲುಕೋರೆಯ ಗೆರೆ. ಆದರೆ 'ಹೆಂಗಸರ ಕೈಗೆ ಬಗ್ಗುವುದಿಲ್ಲ' ಎಂದ ಮೈದುನ ಮೊನ್ನೆ ತಾನೂ ಬಲ ನಳಿಗೆಯಲ್ಲಿ ಹೊಡೆದು ನೋಡಿ, ಹೊಸಬರಿಗೆ ಮಾಡಿಫೈಡೇ ಸರಿ ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದ. ಮೊದಲಿನಿಂದಲೂ ಅದು ತನ್ನದೇ ಅಭಿಪ್ರಾಯವೆಂಬಂತೆ ಹೇಳುತ್ತಿದ್ದ. ಹೇಳಲಿ.

ಈಗ ಬರುವ ಕೋವಿಗಳಲ್ಲಿ ಚೋಕನ್ನು ಸ್ಕ್ರೂ ಹಾಗೆ ತಿರುಗಿಸಿ ತೆಗೆದು ಬೇರೆ ಹಾಕಬಹುದಂತೆ. ಅದರ ಅಂಚಿನಲ್ಲಿ ಗುರುತಿನ ಗೀಟುಗಳಿರುತ್ತವೆ. ಒಂದು ಗೀಟು ಎಂದರೆ ಫುಲ್, ಗೀಟು ಹೆಚ್ಚಿದಂತೆ ಸಡಿಲು. ಅಂಥ ಕೋವಿ ಕೈಗೆ ಸಿಕ್ಕವರು ಪುಣ್ಯವಂತರು, ಏನನ್ನೂ ಕೊರೆಸಬೇಕಾಗಿಲ್ಲ. ಆದರೂ ಅವರಿಗೊಂದು ಮಾತು ಹೇಳುತ್ತೇನೆ. ಮಾಡಿಫೈಡ್ ಹಾಕಿ, ಒಂದು ತಿಂಗಳು ಅದನ್ನು ಬದಲಾಯಿಸಬೇಡಿ. ನಿಮ್ಮ ತೋಟಾವನ್ನು ಕಾಗದದ ಮೇಲೆ ಹೊಡೆದು ಎಣಿಸಿ ನೋಡಿ. ಬಿಲ್ಲೆ ಎಷ್ಟು ದೂರದಲ್ಲಿ ಒಡೆಯುತ್ತಿದೆ ಎಂದು ಯಾರಿಗಾದರೂ ಹಿಂದೆ ನಿಂತು ನೋಡಲು ಹೇಳಿ. ಕೈ ಚುರುಕಾಗಿ ಹತ್ತಿರದಲ್ಲೇ ಹೊಡೆಯುವಂತಾದರೆ ಇಂಪ್ರೂವ್ಡ್ ಸಿಲಿಂಡರ್ ಪ್ರಯತ್ನಿಸಬಹುದು. ಹಿಂದಿನ ಗೆರೆಗಳಿಗೆ ಹೋಗುವಂತಾದರೆ ಬಿಗಿ ಚೋಕು. ಭಾನುವಾರಕ್ಕೊಂದು ಚೋಕು ಬದಲಾಯಿಸುವವರು ಟ್ಯೂಷನ್ ಮೇಷ್ಟ್ರನ್ನು ಬದಲಾಯಿಸುವ ತಂದೆತಾಯಿಗಳ ಹಾಗೆ. ಪಾಠ ಮಾತ್ರ ಮೊದಲ ಪುಟದಲ್ಲೇ ಇರುತ್ತದೆ.

ಕೆಂಪು ಸುತ್ತುಗಳ ಆರು ಹಾಳೆಗಳನ್ನು ಸುರುಳಿ ಸುತ್ತಿ ಸೊಸೆ ಬೀರುವಿನ ಮೇಲಿಟ್ಟಿದ್ದಾಳೆ. ಯಜಮಾನರು ಆ ಎಡ ನಳಿಗೆಯನ್ನು ಅಷ್ಟೊಂದು ಹೊಗಳುತ್ತಿದ್ದರಲ್ಲ, ಹೊಗಳಿಕೆ ಸುಳ್ಳಾಗಿರಲಿಲ್ಲ ಎಂದು ಅವು ಹೇಳುತ್ತವೆ, ನೂರಕ್ಕೆ ಎಪ್ಪತ್ತೆರಡು. ಅವಳ ಕೈ ಪಳಗಿದ ಮೇಲೆ ಒಂದು ದಿನ ಅದೂ ಅವಳಿಗೆ ಬೇಕಾಗುತ್ತದೆ. ಅಲ್ಲಿಯವರೆಗೆ ಅದು ಹಾಗೇ ಇರಲಿ.